ಗುರುವಾರ ಎಸಿ ಯಾಕೆ ಆನ್ ಆಗ್ತಿರಲಿಲ್ಲ? ವಾರ ಎಣಿಸುವ ಯಂತ್ರದ ಕಥೆ

ಈ ಸಲದ ಮಾತನ್ನು ಒಂದು ಸಣ್ಣ ದೂರಿನಿಂದ ಶುರು ಮಾಡ್ತೀನಿ.

2004ನೇ ಇಸವಿ. ನಾನು ಪುಣೆಗೆ ಬಂದು ನಾಲ್ಕು ತಿಂಗಳಾಗಿತ್ತು. ಆಫೀಸು ಅಂದ್ರೆ ಹಿಂಜವಡಿಯ ಗಾಜಿನ ಕಟ್ಟಡ ಅಂದ್ಕೋಬೇಡಿ. ಭೋಸರಿಯ ಕೈಗಾರಿಕಾ ಪ್ರದೇಶದಲ್ಲಿ ಎರಡು ಮಹಡಿಯ ಒಂದು ಶೆಡ್ಡು. ಕೆಳಗೆ ಲೇತ್ ಮೆಷಿನ್‌ಗಳ ವರ್ಕ್‌ಶಾಪ್, ಮೇಲೆ ನಾವು ಹನ್ನೊಂದು ಜನ ಪ್ರೋಗ್ರಾಮರ್‌ಗಳು. ಎಸಿ ಬೆಳಗ್ಗೆ ಒಂಬತ್ತಕ್ಕೆ ತಾನಾಗಿಯೇ ಆನ್ ಆಗ್ತಿತ್ತು, ಸಂಜೆ ಏಳಕ್ಕೆ ಆಫ್ ಆಗ್ತಿತ್ತು. ಆದ್ರೆ ಪ್ರತಿ ಗುರುವಾರ ಆನ್ ಆಗ್ತಾನೇ ಇರಲಿಲ್ಲ. ಏಪ್ರಿಲ್ ತಿಂಗಳು ಬೇರೆ. ಮೂರು ಗುರುವಾರ ಬೆವರಿದ ಮೇಲೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿದೆವು.

ಆತ ಮೆಟ್ಟಿಲ ಕೆಳಗಿನ ಬೂದುಬಣ್ಣದ ಪೆಟ್ಟಿಗೆ ತೆರೆದ. ಒಳಗೆ 24 ಗಂಟೆಯ ಒಂದು ಡಯಲ್. ಅದರ ಪಕ್ಕದಲ್ಲಿ ಏಳು ಕೈಗಳಿರುವ ಒಂದು ಪುಟ್ಟ ಚಕ್ರ, ನಕ್ಷತ್ರದ ಹಾಗೆ. ಒಂದು ಕೈಯಲ್ಲಿ ಮಾತ್ರ ಒಂದು ಚಿಕ್ಕ ಸ್ಕ್ರೂ. ಅದನ್ನು ತೋರಿಸಿ ಆತ ಹೇಳಿದ: "ಏನೂ ಕೆಟ್ಟಿಲ್ಲ ಸರ್. ಇವತ್ತು ರಜೆ ಅಷ್ಟೆ."

ಆಮೇಲೆ ಅವನು ನಮ್ಮನ್ನು ಒಂದು ಪ್ರಶ್ನೆ ಕೇಳಿದ. ಅದನ್ನು ಕೊನೆಯಲ್ಲಿ ಹೇಳ್ತೀನಿ. ಯಾಕಂದ್ರೆ ಆ ಪ್ರಶ್ನೆ ಎಷ್ಟು ದೊಡ್ಡದು ಅಂತ ಗೊತ್ತಾಗಬೇಕಾದ್ರೆ ಮೊದಲು ಈ ಯಂತ್ರದ ಚರಿತ್ರೆ ಗೊತ್ತಿರಬೇಕು.

ಆಕಾಶದಲ್ಲಿ ವಾರ ಇಲ್ಲ

ದಿನ ಅನ್ನೋದು ಭೂಮಿಯ ಒಂದು ಸುತ್ತು. ತಿಂಗಳು ಚಂದ್ರನಿಂದ ಬಂತು, ವರ್ಷ ಋತುಗಳಿಂದ. ವಾರ? ಏಳು ದಿನಕ್ಕೊಮ್ಮೆ ಆಕಾಶದಲ್ಲಿ ಏನೂ ಬದಲಾಗಲ್ಲ. ವಾರಗಳಿಗೆ ಗ್ರಹಗಳ ಹೆಸರಿಟ್ಟಿದ್ದೇವೆ ನಿಜ, ಆದ್ರೆ ಇವತ್ತು ಗುರುವಾರ ಅಂತ ಗುರುಗ್ರಹ ನೋಡಿ ಯಾರೂ ಹೇಳಲಾರರು. ವಾರ ಅನ್ನೋದು ಪೂರ್ತಿಯಾಗಿ ಮನುಷ್ಯರ ನಡುವಿನ ಒಪ್ಪಂದ. ನಮ್ಮೂರುಗಳಲ್ಲಿ ಅದು ಸಂತೆಯಲ್ಲಿ ಕಾಣುತ್ತೆ. ಪುಣೆಯಲ್ಲಿರೋರಿಗೆ ಇನ್ನೂ ಸುಲಭ: ಸೋಮವಾರ ಪೇಠ್‌ನಿಂದ ರವಿವಾರ ಪೇಠ್ ತನಕ ಏಳೂ ದಿನ ಊರಿನ ನಕ್ಷೆಯ ಮೇಲೇ ಇವೆ.

ಇದು ಯಾಕೆ ಮುಖ್ಯ ಅಂದ್ರೆ, ಬೆಳಕಿದೆಯೋ ಕತ್ತಲಿದೆಯೋ ಅಂತ ಯಂತ್ರಕ್ಕೆ ತಿಳಿಸೋದು ಕಷ್ಟ ಅಲ್ಲ, ಒಂದು ಸೆನ್ಸರ್ ಸಾಕು. ಇವತ್ತು ಯಾವ ವಾರ ಅಂತ ತಿಳಿಸುವ ಸೆನ್ಸರ್ ಇಲ್ಲ. ಯಂತ್ರ ಎಣಿಸಲೇಬೇಕು. ಒಂದು ಸಲ ಎಣಿಕೆ ತಪ್ಪಿದರೆ, ಮನುಷ್ಯ ಬಂದು ತಿದ್ದುವ ತನಕ ಅದು ತಪ್ಪಾಗಿಯೇ ಮುಂದುವರಿಯುತ್ತೆ.

ಕೀಲಿ ಗಡಿಯಾರದಿಂದ ಬಾಸ್ಟನ್‌ವರೆಗೆ

ತಾನೇ ಆನ್ ಆಗಿ ಆಫ್ ಆಗುವ ಯಂತ್ರಗಳ ಅಗತ್ಯ ದೊಡ್ಡದಾಗಿ ಕಂಡದ್ದು ಬೀದಿದೀಪಗಳಲ್ಲಿ. ಇಂಗ್ಲೆಂಡಿನಲ್ಲಿ ಗ್ಯಾಸ್ ದೀಪ ಹಚ್ಚೋಕೆ, ಆರಿಸೋಕೆ ಸಂಜೆ ಬೆಳಗ್ಗೆ ಆಳು ಓಡಾಡಬೇಕಿತ್ತು. ದೀಪದ ಕಂಬಕ್ಕೇ ಒಂದು ಗಡಿಯಾರ ಜೋಡಿಸಿ, ಅದೇ ಗ್ಯಾಸಿನ ಕವಾಟ ತೆರೆದು ಮುಚ್ಚುವಂತೆ ಮಾಡಿದರು. 1904ರಲ್ಲಿ ಬಾತ್ ಊರಿನಲ್ಲಿ ಶುರುವಾದ ಹಾರ್ಸ್ಟ್‌ಮನ್ ಕಂಪನಿ ಮುಂದೆ ಇಂಥ ಗಡಿಯಾರಗಳಿಗೆ ಹೆಸರಾಯಿತು. ಋತು ಬದಲಾದಂತೆ ಸೂರ್ಯಾಸ್ತದ ಹೊತ್ತನ್ನು ತಾನೇ ಹಿಂದೆ ಮುಂದೆ ಮಾಡಿಕೊಳ್ಳುವ ಡಯಲ್ ಕೂಡ ಬಂತು. ಆದ್ರೆ ಸ್ಪ್ರಿಂಗ್‌ಗೆ ಕೀಲಿ ಕೊಡೋಕೆ ಆಳು ಬರಲೇಬೇಕಿತ್ತು, ದಿನಾ ಅಲ್ಲದಿದ್ದರೂ ವಾರಕ್ಕೋ ಎರಡು ವಾರಕ್ಕೋ ಒಮ್ಮೆ.

ಅದೇ ಕಾಲದಲ್ಲಿ ಅಮೆರಿಕದ ಶಾಲೆ, ಕಾರ್ಖಾನೆಗಳಲ್ಲಿ ಗಂಟೆ ಬಾರಿಸುವ ಗಡಿಯಾರಗಳು ಬಂದವು. ಅವುಗಳಿಗೆ 'ಪ್ರೋಗ್ರಾಂ ಕ್ಲಾಕ್' ಅಂತಲೇ ಹೆಸರು. ಹೌದು, ಕಂಪ್ಯೂಟರ್ ಪ್ರೋಗ್ರಾಂ ಅನ್ನೋ ಮಾತು ಹುಟ್ಟೋದಕ್ಕೆ ಎಷ್ಟೋ ಮೊದಲು. ಇಂಥ ಗಡಿಯಾರ ಮಾಡುತ್ತಿದ್ದವರಲ್ಲಿ ಇಂಟರ್‌ನ್ಯಾಷನಲ್ ಟೈಮ್ ರೆಕಾರ್ಡಿಂಗ್ ಅನ್ನೋ ಕಂಪನಿಯೂ ಒಂದು. 1911ರಲ್ಲಿ ಅದು ಬೇರೆ ಕಂಪನಿಗಳ ಜೊತೆ ಸೇರಿ ಹುಟ್ಟಿದ ಸಂಸ್ಥೆಗೆ 1924ರಲ್ಲಿ ಹೊಸ ಹೆಸರು ಬಂತು: ಐಬಿಎಂ. 1958ರಲ್ಲಿ ಗಡಿಯಾರದ ವ್ಯಾಪಾರವನ್ನು ಸಿಂಪ್ಲೆಕ್ಸ್ ಕಂಪನಿಗೆ ಮಾರುವ ತನಕ ಐಬಿಎಂ ಶಾಲೆಯ ಗಂಟೆಯನ್ನೂ ಬಾರಿಸುತ್ತಿತ್ತು.

ಕೀಲಿ ಕೊಡುವ ಕಷ್ಟ ತಪ್ಪಿಸಿದ್ದು ಹೆನ್ರಿ ವಾರನ್. ಮೆಸಾಚುಸೆಟ್ಸ್‌ನ ಈತ ಕರೆಂಟಿನ ಲಯಕ್ಕೇ ತಿರುಗುವ ಪುಟ್ಟ ಸಿಂಕ್ರೋನಸ್ ಮೋಟರ್ ಮಾಡಿದ. ಆದ್ರೆ ಒಂದು ತೊಂದರೆ: ಆಗ ವಿದ್ಯುತ್ ಕೇಂದ್ರಗಳ ಲಯವೇ ನೆಟ್ಟಗಿರಲಿಲ್ಲ. ಹಾಗಾಗಿ ವಾರನ್ ಕೇಂದ್ರಕ್ಕೇ ಒಂದು ಮಾಸ್ಟರ್ ಗಡಿಯಾರ ಮಾಡಿಕೊಟ್ಟ. ಒಂದು ಮುಳ್ಳು ಲೋಲಕದಿಂದ ನಡೆಯುತ್ತೆ, ಇನ್ನೊಂದು ಕರೆಂಟಿನಿಂದ. ಎರಡೂ ಒಟ್ಟಿಗೆ ಇರುವಂತೆ ಜನರೇಟರ್ ಓಡಿಸಿದರೆ ಸಾಕು. 1916ರ ಅಕ್ಟೋಬರ್ 23ರಂದು ಬಾಸ್ಟನ್ ಎಡಿಸನ್ ಕಂಪನಿಯ ಎಲ್ ಸ್ಟ್ರೀಟ್ ಕೇಂದ್ರದಲ್ಲಿ ಅದನ್ನು ಅಳವಡಿಸಿದರು. ಅಲ್ಲಿಂದಾಚೆ ಗೋಡೆಯ ಪ್ಲಗ್ಗಿನಲ್ಲಿ ಶಕ್ತಿಯಷ್ಟೇ ಅಲ್ಲ, ಸಮಯವೂ ಬರತೊಡಗಿತು.

ಏಳು ಕೈಯ ಚಕ್ರ

ಈಗ ನಮ್ಮ ಪೆಟ್ಟಿಗೆ ಒಳಗೆ ನೋಡೋಣ. ಸಿಂಕ್ರೋನಸ್ ಮೋಟರ್, ಅದರ ವೇಗ ತಗ್ಗಿಸುವ ಹಲ್ಲುಚಕ್ರಗಳ ಸಾಲು, ಕೊನೆಯಲ್ಲಿ ನಿಧಾನವಾಗಿ ತಿರುಗುವ ಡಯಲ್. ಡಯಲ್‌ನ ಅಂಚಿನಲ್ಲಿ ಚಿಕ್ಕ ಕಡ್ಡಿಗಳು. ಕಡ್ಡಿ ಬಂದು ಸನ್ನೆಯನ್ನು ತಳ್ಳಿದರೆ ಸ್ವಿಚ್ ಟಕ್ ಅಂತ ಬೀಳುತ್ತೆ. ಡಯಲ್ ನಿಧಾನ, ಸ್ವಿಚ್ ಮಾತ್ರ ಒಂದೇ ಏಟಿಗೆ. ಯಾಕಂದ್ರೆ ತಂತಿಗಳು ನಿಧಾನವಾಗಿ ದೂರವಾದರೆ ನಡುವೆ ಕಿಡಿ ಎದ್ದು ಲೋಹ ಸುಟ್ಟು ಹೋಗುತ್ತೆ.

ದಿನದ ಟೈಮರ್‌ನಲ್ಲಿ ಸಾಮಾನ್ಯವಾಗಿ 96 ಕಡ್ಡಿ, ಒಂದೊಂದೂ ಹದಿನೈದು ನಿಮಿಷ. ವಾರಕ್ಕೆ ಎರಡು ದಾರಿ. ಒಂದು, ಡಯಲ್ಲನ್ನೇ ಏಳು ದಿನಕ್ಕೊಮ್ಮೆ ತಿರುಗಿಸೋದು. ಆಗ 168 ಗಂಟೆಗೆ 84 ಕಡ್ಡಿ, ಒಂದೊಂದೂ ಎರಡು ಗಂಟೆ. ಅಂದ್ರೆ ವಾರ ಗೊತ್ತಾಗುತ್ತೆ, ಆದ್ರೆ ಒಂಬತ್ತೂಕಾಲು ಅಂತ ಹೇಳೋಕಾಗಲ್ಲ. ಎರಡನೇ ದಾರಿ ನಮ್ಮ ಭೋಸರಿಯದ್ದು: ದಿನದ ಡಯಲ್ ಒಂದು ಸುತ್ತು ಮುಗಿಸಿದಾಗೆಲ್ಲ ಪಕ್ಕದ ಏಳು ಕೈಯ ಚಕ್ರವನ್ನು ಒಂದು ಹೆಜ್ಜೆ ಮುಂದೆ ತಳ್ಳುತ್ತೆ. ಸ್ಕ್ರೂ ಹಾಕಿದ ಕೈ ಎದುರಿಗೆ ಬಂದ ದಿನ ಆನ್ ಆಗಲ್ಲ. ಯಹೂದಿ ಮನೆಗಳಲ್ಲಿ ಸಬ್ಬತ್ ದಿನ ಸ್ವಿಚ್ ಮುಟ್ಟಬಾರದು ಅಂತ ಶುಕ್ರವಾರ ಸೂರ್ಯ ಮುಳುಗುವ ಮೊದಲೇ ಟೈಮರ್ ಹೊಂದಿಸಿಡುವ ಪದ್ಧತಿ ಇವತ್ತಿಗೂ ಇದೆ.

ನಮ್ಮ ಗ್ರಿಡ್, ನಮ್ಮ ಲಯ

50 ಹರ್ಟ್ಸ್ ಕರೆಂಟಿನಲ್ಲಿ ಒಂದು ವಾರ ಅಂದ್ರೆ 3 ಕೋಟಿ 2 ಲಕ್ಷ 40 ಸಾವಿರ ಅಲೆಗಳು. ಟೈಮರ್ ಲೆಕ್ಕ ಇಡೋದು ಇದನ್ನೇ. ಅಲೆ ನಿಂತರೆ ಅದರ ಕಾಲವೂ ನಿಲ್ಲುತ್ತೆ. ಬ್ಯಾಟರಿ ಅಥವಾ ಸ್ಪ್ರಿಂಗ್‌ನ ಆಸರೆ ಇಲ್ಲದ ಟೈಮರ್ ಇರುವ ಕಡೆ ದಿನಕ್ಕೆ ಎರಡು ಗಂಟೆ ಲೋಡ್‌ಶೆಡ್ಡಿಂಗ್ ಅಂದ್ಕೊಳ್ಳಿ. ಹನ್ನೆರಡು ದಿನಕ್ಕೆ ಅದು ಒಂದು ಇಡೀ ದಿನ ಹಿಂದೆ ಬೀಳುತ್ತೆ. ನಿಮಗೆ ಸೋಮವಾರ, ಅದಕ್ಕೆ ಇನ್ನೂ ಭಾನುವಾರ.

ಕರೆಂಟ್ ಹೋಗದಿದ್ದರೂ ಪಾರಿಲ್ಲ. ಫ್ರೀಕ್ವೆನ್ಸಿ 49.5ಕ್ಕೆ ಇಳಿದು ಹಾಗೇ ನಿಂತರೆ ದಿನಕ್ಕೆ ಹದಿನಾಲ್ಕು ನಿಮಿಷದ ಮೇಲೆ ತಡ. 1990ರ ದಶಕದಲ್ಲಿ ದಕ್ಷಿಣದ ಗ್ರಿಡ್ 49ಕ್ಕಿಂತ ಕೆಳಗೆ ಓಡೋದು ಮಾಮೂಲಾಗಿತ್ತು. ಅಮೆರಿಕದಿಂದ ತಂದ 60 ಹರ್ಟ್ಸ್ ಟೈಮರನ್ನು ಟ್ರಾನ್ಸ್‌ಫಾರ್ಮರ್ ಹಾಕಿ ಇಲ್ಲಿ ಓಡಿಸಿದರೆ ಇನ್ನೂ ಮಜಾ: ಅದರ ಒಂದು ದಿನ 28 ಗಂಟೆ 48 ನಿಮಿಷ, ವಾರ ಎಂಟು ದಿನಕ್ಕೂ ಹೆಚ್ಚು.

ಊರು ಬಿಟ್ಟು ಬಂದ ನಮಗೆ ಇನ್ನೊಂದು ಸಂಗತಿ ಇದೆ. 2006ರಲ್ಲಿ ಉತ್ತರದ ಗ್ರಿಡ್ ಪಶ್ಚಿಮ, ಪೂರ್ವದವುಗಳ ಜೊತೆ ಸೇರಿದ ಮೇಲೆ ಮುಂಬೈ, ಪುಣೆ, ದೆಹಲಿಯ ಕರೆಂಟಿಗೆಲ್ಲ ಒಂದೇ ಲಯ. ದಕ್ಷಿಣ ಮಾತ್ರ ಬೇರೆ. ಡಿಸಿ ಕೊಂಡಿಗಳ ಮೂಲಕ ವಿದ್ಯುತ್ ಆ ಕಡೆ ಈ ಕಡೆ ಹರೀತಿತ್ತು, ಲಯ ಮಾತ್ರ ದಾಟುತ್ತಿರಲಿಲ್ಲ. ಚೆನ್ನೈ, ಹೈದರಾಬಾದ್‌ನ ಟೈಮರ್ ಹುಬ್ಬಳ್ಳಿಯ ಜೊತೆ ಹೆಜ್ಜೆ ಹಾಕುತ್ತಿತ್ತು, ಪುಣೆಯದ್ದು ಹಾಕುತ್ತಿರಲಿಲ್ಲ. 2013ರ ಡಿಸೆಂಬರ್ 31ರಂದು 765 ಕಿಲೋವೋಲ್ಟ್‌ನ ರಾಯಚೂರು–ಸೋಲಾಪುರ ಲೈನ್ ಮೂಲಕ ಎರಡೂ ಒಂದಾದವು. ಅವತ್ತಿನಿಂದ ನಿಮ್ಮ ಫ್ಲಾಟ್‌ನ ಸಿಂಕ್ರೋನಸ್ ಮೋಟರ್ ಮತ್ತು ಊರಿನ ಮನೆಯದ್ದು ಒಂದೇ ಲಯಕ್ಕೆ ತಿರುಗುತ್ತಿವೆ. ಆ ಗಡಿ ದಾಟಿದ್ದು ನಮ್ಮ ರಾಯಚೂರಿನಿಂದ.

ಸ್ಕ್ರೂ ಹಾಕಿದವರು ಯಾರು?

ಸರಿ, ಯಂತ್ರ ಎಣಿಸುತ್ತೆ. ಆದ್ರೆ ಯಾವ ಕೈಗೆ ಸ್ಕ್ರೂ ಅಂತ ತೀರ್ಮಾನ ಮಾಡಿದ್ದು ಯಾರು? ಇದಕ್ಕೆ ಭೋಸರಿಯಿಂದ ಮುಂಬೈಗೆ ಹೋಗಬೇಕು.

ಅಲ್ಲಿನ ಬಟ್ಟೆ ಗಿರಣಿಗಳಲ್ಲಿ ವಾರಕ್ಕೊಂದು ಖಚಿತವಾದ ರಜೆ ಇರಲಿಲ್ಲ. ಅದಕ್ಕಾಗಿ ದನಿ ಎತ್ತಿದವರು ನಾರಾಯಣ ಮೇಘಾಜಿ ಲೋಖಂಡೆ. ಜ್ಯೋತಿಬಾ ಫುಲೆಯವರ ಸಂಗಾತಿ, 'ದೀನಬಂಧು' ಪತ್ರಿಕೆಯ ಸಂಪಾದಕ. 1884ರಲ್ಲಿ ಬಾಂಬೆ ಮಿಲ್ ಹ್ಯಾಂಡ್ಸ್ ಅಸೋಸಿಯೇಷನ್ ಕಟ್ಟಿದರು, ಮನವಿ ಮೇಲೆ ಮನವಿ ಕೊಟ್ಟರು. 1890ರ ಏಪ್ರಿಲ್‌ನಲ್ಲಿ ಸುಮಾರು 10,000 ಕಾರ್ಮಿಕರ ಸಭೆ ನಡೆಯಿತು, ಹೆಣ್ಣುಮಕ್ಕಳೂ ಎದ್ದು ಮಾತಾಡಿದರು. ಅದೇ ವರ್ಷ ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. 1891ರ ಫ್ಯಾಕ್ಟರಿ ಕಾಯ್ದೆಯಲ್ಲಿ ವಾರದ ರಜೆ ಕಾನೂನೇ ಆಯಿತು. ಲೋಖಂಡೆಯವರ ಅಂಚೆಚೀಟಿ ಬರೋದಕ್ಕೆ 2005ರ ತನಕ ಕಾಯಬೇಕಾಯಿತು ಅನ್ನೋದು ಬೇರೆ ಮಾತು.

ಹಾಗಾದ್ರೆ ಭೋಸರಿಯಲ್ಲಿ ಗುರುವಾರ ಯಾಕೆ? ಎಲ್ಲ ಕಾರ್ಖಾನೆಗಳೂ ಭಾನುವಾರವೇ ಮುಚ್ಚಿದರೆ ಉಳಿದ ಆರು ದಿನ ಗ್ರಿಡ್ ಮೇಲೆ ಹೊರೆ ಹೆಚ್ಚು. ಅದಕ್ಕೆ ಪ್ರದೇಶಕ್ಕೊಂದು ದಿನ ಅಂತ ರಜೆಯನ್ನು ಹಂಚಿದರು. ಪಿಂಪ್ರಿ-ಚಿಂಚವಡ ಕಡೆಗೆ ಗುರುವಾರ ಬಂತು. ಆ ಶೆಡ್ಡಿನ ಟೈಮರ್‌ಗೆ ಸ್ಕ್ರೂ ಹಾಕಿದ್ದು ಈ ಲೆಕ್ಕದಲ್ಲಿ. ಕೆಳಗಿನ ವರ್ಕ್‌ಶಾಪ್‌ನವರು ಗುರುವಾರ ಬರುತ್ತಲೇ ಇರಲಿಲ್ಲ. ನಾವು ಮೂರು ವಾರ ಅದನ್ನೂ ಗಮನಿಸಿರಲಿಲ್ಲ.

ಎಲೆಕ್ಟ್ರಿಷಿಯನ್ ಕೇಳಿದ ಪ್ರಶ್ನೆ

ಆತ ಗುರುವಾರದ ಸ್ಕ್ರೂ ಬಿಚ್ಚಿ ಕೈಯಲ್ಲಿ ಹಿಡ್ಕೊಂಡು ಕೇಳಿದ: "ಇದನ್ನ ಯಾವ ದಿನಕ್ಕೆ ಹಾಕಲಿ? ನಿಮ್ಮ ರಜೆ ಯಾವತ್ತು?"

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ನಮಗೆ ಕಾಗದದ ಮೇಲೆ ಶನಿವಾರ, ಭಾನುವಾರ ಎರಡೂ ರಜೆ. ಆದ್ರೆ ಶನಿವಾರ ರಿಲೀಸ್, ಭಾನುವಾರ ಸಪೋರ್ಟ್, ಕ್ಲೈಂಟ್‌ನ ಶುಕ್ರವಾರ ನಮ್ಮ ಶನಿವಾರದ ಬೆಳಗಿನ ಜಾವದವರೆಗೆ. ಮ್ಯಾನೇಜರ್ ಒಂದು ಕ್ಷಣ ಯೋಚಿಸಿ, "ಹಾಕೋದೇ ಬೇಡ, ಬಿಟ್ಟುಬಿಡು" ಅಂದರು. ಆತ ಸ್ಕ್ರೂವನ್ನು ಪೆಟ್ಟಿಗೆಯ ಮೂಲೆಯಲ್ಲಿಟ್ಟು ಬಾಗಿಲು ಮುಚ್ಚಿದ. ಎಸಿ ಅಲ್ಲಿಂದ ಮುಂದೆ ಏಳೂ ದಿನ ಓಡಿತು. ನಾವೂ.

ಇವತ್ತು ನಮ್ಮ ವಾರದ ಟೈಮರ್ ಅಂದ್ರೆ ಕ್ರಾನ್. ಯೂನಿಕ್ಸ್‌ನಿಂದ ಬಂದದ್ದು. ಅದರ ಐದನೇ ಜಾಗ ವಾರದ್ದು. ಲಿನಕ್ಸ್‌ನಲ್ಲಿ ಭಾನುವಾರಕ್ಕೆ 0 ಬರೆದರೂ ಸರಿ, 7 ಬರೆದರೂ ಸರಿ. ಆದ್ರೆ ನಾವು ಯೋಚಿಸದೆ ಬರೆಯೋದು ನಕ್ಷತ್ರದ ಗುರುತು. ಅಂದ್ರೆ ಎಲ್ಲ ದಿನ. ಹಳೆಯ ನಕ್ಷತ್ರಚಕ್ರದಲ್ಲೂ ಅಷ್ಟೇ, ಯಾರಾದರೂ ಸ್ಕ್ರೂ ಹಾಕದಿದ್ದರೆ ಎಲ್ಲ ದಿನವೂ ಕೆಲಸವೇ. ರಜೆ ತಾನಾಗಿ ಬರಲ್ಲ, ಯಾರೋ ಕೂತು ಸ್ಕ್ರೂ ಹಾಕಬೇಕು. ಮುಂಬೈಯ ಗಿರಣಿಯವರು ಅದಕ್ಕೆ ವರ್ಷಗಟ್ಟಲೆ ಹೋರಾಡಿದರು. ನಾವು ಅರ್ಧ ನಿಮಿಷದಲ್ಲಿ ಬಿಚ್ಚಿಸಿಬಿಟ್ಟೆವು. ನಮ್ಮನ್ನು ಯಾರೂ ಬಲವಂತ ಮಾಡಿರಲಿಲ್ಲ ಅನ್ನೋದೇ ಈಗಲೂ ಚುಚ್ಚೋದು.

ನಿಮ್ಮ ಕಟ್ಟಡದ ಮೀಟರ್ ರೂಮಿನಲ್ಲಿ ಇಂಥ ಹಳೆ ಪೆಟ್ಟಿಗೆ ಇನ್ನೂ ಇದ್ದರೂ ಇರಬಹುದು. ಎಲೆಕ್ಟ್ರಿಷಿಯನ್ ಬಂದಾಗ ಇಣುಕಿ ನೋಡಿ. ಸ್ಕ್ರೂ ಯಾವ ದಿನದ ಮೇಲಿದೆ ಅಂತ ನನಗೂ ತಿಳಿಸಿ. ಮತ್ತೆ ಸಿಗೋಣ.