ಸೇನಾಪತಿಗಳಿಂದ ಪೆಟ್ರೋಲ್ ಡಬ್ಬಿಯವರೆಗೆ: ಉತ್ತರ ಆಫ್ರಿಕಾ ಸಮರವನ್ನು ಬರೆದವರು

1942ರ ಜನವರಿಯಲ್ಲಿ ಚರ್ಚಿಲ್ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ನಿಂತು ಶತ್ರುಪಕ್ಷದ ಸೇನಾಪತಿಯನ್ನು ಹೊಗಳಿದ. ಆ ಜರ್ಮನ್ ಸೇನಾಪತಿ ಎರ್ವಿನ್ ರೊಮ್ಮೆಲ್ ಆಗ ಲಿಬಿಯಾದಲ್ಲಿ ಬ್ರಿಟಿಷ್ ಸೈನ್ಯವನ್ನು ಮತ್ತೊಮ್ಮೆ ಹಿಂದಕ್ಕೆ ಅಟ್ಟುತ್ತಿದ್ದ. ಸೋಲಿಗೆ ಕಾರಣ ಕೇಳುವವರ ಮುಂದೆ ಎದುರಾಳಿ ಅಸಾಮಾನ್ಯ ಎಂದುಬಿಟ್ಟರೆ ಅರ್ಧ ಉತ್ತರ ಕೊಟ್ಟಂತಾಯಿತು. ಈ ಸಮರದ ಚರಿತ್ರೆ ಬರವಣಿಗೆ ಹುಟ್ಟಿದ್ದೇ ಅಂಥ ಮಾತಿನಿಂದ. ಅದರ ಹಿಡಿತದಿಂದ ಬಿಡಿಸಿಕೊಳ್ಳಲು ಬಹಳ ಕಾಲ ಹಿಡಿಯಿತು.

ನಡೆದದ್ದಿಷ್ಟು. 1940ರ ಸೆಪ್ಟೆಂಬರಿನಲ್ಲಿ ಗ್ರಾಟ್ಸಿಯಾನಿಯ ಇಟಾಲಿಯನ್ ಸೈನ್ಯ ಈಜಿಪ್ಟಿನ ಗಡಿ ದಾಟಿತು. ಡಿಸೆಂಬರಿನಲ್ಲಿ ಬ್ರಿಟಿಷ್ ಸೇನಾಪತಿ ಓಕಾನರ್‌ನ ಸಣ್ಣ ಪಡೆ ತಿರುಗಿ ಬಿದ್ದು, ಎರಡೇ ತಿಂಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಸೆರೆ ಹಿಡಿಯಿತು. 1941ರ ಫೆಬ್ರವರಿಯಲ್ಲಿ ರೊಮ್ಮೆಲ್ ಟ್ರಿಪೋಲಿಗೆ ಬಂದ. ಟೊಬ್ರುಕ್ ಮುತ್ತಿಗೆ, ಗಜಾಲಾ, 1942ರ ಜೂನ್ 21ರಂದು ಟೊಬ್ರುಕ್ ಪತನ, ಅಕ್ಟೋಬರ್–ನವೆಂಬರಿನಲ್ಲಿ ಅಲಮೈನ್, ಕೊನೆಗೆ 1943ರ ಮೇ ತಿಂಗಳಲ್ಲಿ ಟ್ಯುನೀಷಿಯಾದಲ್ಲಿ ಶರಣಾಗತಿ.

ಮೊದಲ ಪುಸ್ತಕಗಳನ್ನು ಬರೆದವರು ಪತ್ರಕರ್ತರು. ಅವರಲ್ಲಿ ಅಲನ್ ಮೂರ್‌ಹೆಡ್ ಇಂದಿಗೂ ಓದಿಸಿಕೊಳ್ಳುತ್ತಾನೆ. ಆದರೆ ಜನರ ಮನಸ್ಸಿನಲ್ಲಿ ಅಚ್ಚೊತ್ತಿದ್ದು 1950ರಲ್ಲಿ ಬಂದ ಡೆಸ್ಮಂಡ್ ಯಂಗ್‌ನ ರೊಮ್ಮೆಲ್ ಜೀವನಚರಿತ್ರೆ. ಯಂಗ್ ಬ್ರಿಟಿಷ್ ಭಾರತೀಯ ಸೈನ್ಯದ ಬ್ರಿಗೇಡಿಯರ್. ಮರುಭೂಮಿಯಲ್ಲಿ ಸೆರೆಸಿಕ್ಕು ರೊಮ್ಮೆಲ್‌ನನ್ನು ಹತ್ತಿರದಿಂದ ಕಂಡವನು. ತನ್ನನ್ನು ಮರ್ಯಾದೆಯಿಂದ ನಡೆಸಿಕೊಂಡವನ ಬಗ್ಗೆ ಮರ್ಯಾದೆಯಿಂದಲೇ ಬರೆದ. ಮರುವರ್ಷ ಅದು ಹಾಲಿವುಡ್ ಸಿನಿಮಾ ಆಯಿತು, ಅದರಲ್ಲಿ ಯಂಗ್ ತನ್ನ ಪಾತ್ರವನ್ನು ತಾನೇ ಮಾಡಿದ. ಪಶ್ಚಿಮ ಜರ್ಮನಿಯನ್ನು ಮತ್ತೆ ಸೇನೆ ಕಟ್ಟಲು ಒಪ್ಪಿಸುತ್ತಿದ್ದ ಕಾಲ ಅದು. ಒಬ್ಬ ‘ಒಳ್ಳೆಯ ಜರ್ಮನ್’ ಎಲ್ಲರಿಗೂ ಬೇಕಾಗಿದ್ದ.

ಬ್ರಿಟಿಷರಲ್ಲೇ ಒಳಜಗಳ ಬೇರೆ. 1958ರ ಆತ್ಮಕಥೆಯಲ್ಲಿ, ಅಕ್ಟೋಬರ್–ನವೆಂಬರಿನ ಅಲಮೈನ್ ಗೆದ್ದ ಸೇನಾಪತಿ ಮಾಂಟ್‌ಗೊಮೆರಿ, ತಾನು ಬರುವ ಮುಂಚೆ ಎಲ್ಲವೂ ಕೆಟ್ಟುಹೋಗಿತ್ತು ಎಂಬಂತೆ ಬರೆದ. 1960ರಲ್ಲಿ ಇತಿಹಾಸಕಾರ ಕೊರೆಲ್ಲಿ ಬಾರ್ನೆಟ್ ಅದನ್ನು ತಲೆಕೆಳಗು ಮಾಡಿ, 1942ರ ಜುಲೈನಲ್ಲಿ ಅಲಮೈನ್‌ನಲ್ಲಿ ರೊಮ್ಮೆಲ್‌ನನ್ನು ನಿಲ್ಲಿಸಿದ ಹಿಂದಿನ ಸೇನಾಪತಿ ಆಕಿನ್‌ಲೆಕ್‌ಗೆ ಕಿರೀಟ ತೊಡಿಸಿದ. ಬಾರ್ನೆಟ್ ಚೆನ್ನಾಗಿ ಬರೆಯುತ್ತಾನೆ, ನಿಜ. ಆದರೂ ಅದು ನಾಯಕನನ್ನು ಬದಲಿಸಿದ ಅದೇ ನಾಟಕ.

ಸರ್ಕಾರಿ ಇತಿಹಾಸಗಳನ್ನು ಯಾರೂ ಆಸೆಪಟ್ಟು ಓದುವುದಿಲ್ಲ. ಆದರೂ ಒಂದನ್ನು ಹೇಳಲೇಬೇಕು. 1956ರಲ್ಲಿ ಪಿ.ಸಿ. ಭರೂಚಾ ಬರೆದು, ಬಿಶೇಶ್ವರ್ ಪ್ರಸಾದ್ ಪ್ರಧಾನ ಸಂಪಾದಕರಾಗಿದ್ದ ‘ದಿ ನಾರ್ತ್ ಆಫ್ರಿಕನ್ ಕ್ಯಾಂಪೇನ್’ ಹೊರಬಂತು. ಅದನ್ನು ಪ್ರಕಟಿಸಿದ್ದು ಭಾರತ ಮತ್ತು ಪಾಕಿಸ್ತಾನದ ಜಂಟಿ ಇತಿಹಾಸ ವಿಭಾಗ. ಕಾಶ್ಮೀರದಲ್ಲಿ ಕೆಲವೇ ವರ್ಷಗಳ ಹಿಂದೆ ಒಂದು ಯುದ್ಧ ಮಾಡಿಕೊಂಡ ಎರಡು ದೇಶಗಳು ಹಳೆಯ ಯುದ್ಧದ ಚರಿತ್ರೆಯನ್ನು ಒಂದೇ ರಟ್ಟಿನೊಳಗೆ ಬರೆಸಿದವು! ಗಜಾಲಾ ಕದನದ ಮೊದಲ ಬೆಳಿಗ್ಗೆಯೇ ಇಟಾಲಿಯನ್ ಟ್ಯಾಂಕುಗಳ ಅಡಿ ನುಚ್ಚುನೂರಾದ 3ನೇ ಭಾರತೀಯ ಮೋಟಾರ್ ಬ್ರಿಗೇಡ್, ಟೊಬ್ರುಕ್‌ನಲ್ಲಿ ಸೆರೆಯಾದ 11ನೇ ಬ್ರಿಗೇಡ್, ಜುಲೈ 1ರಂದು ದೀರ್ ಎಲ್ ಶೀನ್‌ನಲ್ಲಿ ತಾನು ಅಳಿದು ರೊಮ್ಮೆಲ್‌ನ ಒಂದು ದಿನವನ್ನು ನುಂಗಿಹಾಕಿದ 18ನೇ ಬ್ರಿಗೇಡ್ — ಲಂಡನ್ನಿನ ಜನಪ್ರಿಯ ಪುಸ್ತಕಗಳಲ್ಲಿ ಒಂದೆರಡು ಸಾಲಿಗೆ ಮುಗಿಯುವ ಈ ಪಡೆಗಳ ಕಥೆಗೆ ಇಲ್ಲಿ ಜಾಗ ಸಿಕ್ಕಿತು. ಹಿಂದಿನ ಮಹಾಯುದ್ಧದ ಹೈಫಾ ದಾಳಿಯಿಂದಾಗಿ ಮೈಸೂರು ಲಾನ್ಸರ್ಸ್ ಹೆಸರು ನಮ್ಮ ಕಡೆ ಇನ್ನೂ ಕೇಳಿಬರುತ್ತದೆ. ದೀರ್ ಎಲ್ ಶೀನ್ ಹೆಸರು ಹಾಗೆ ಕೇಳಿದವರು ವಿರಳ. ಸ್ವಾತಂತ್ರ್ಯದ ಹೊಸ್ತಿಲಲ್ಲಿದ್ದ ದೇಶಕ್ಕೆ ಬ್ರಿಟಿಷರ ಬಾವುಟದಡಿ ಸತ್ತವರನ್ನು ಎಲ್ಲಿಡಬೇಕು ಎಂದು ತೋಚಲಿಲ್ಲ. ಅವರ ಮೇಲೆ ಮತ್ತೆ ಬೆಳಕು ಬಿದ್ದದ್ದು ಬಹಳ ತಡವಾಗಿ, ಯಾಸ್ಮಿನ್ ಖಾನ್ (2015) ಮತ್ತು ಶ್ರೀನಾಥ್ ರಾಘವನ್ (2016) ಅವರ ಕೃತಿಗಳಲ್ಲಿ.

ನಿಜವಾದ ಬಿರುಕು ಬಿಟ್ಟದ್ದು 1974ರಲ್ಲಿ. ಜರ್ಮನರು ಎನಿಗ್ಮಾ ಯಂತ್ರದಲ್ಲಿ ಗೂಢಲಿಪಿಗಿಳಿಸಿದ ಸಂದೇಶಗಳನ್ನು ಬ್ರಿಟಿಷರು ಯುದ್ಧದುದ್ದಕ್ಕೂ ಒಡೆದು ಓದುತ್ತಿದ್ದರೆಂಬ ಗುಟ್ಟನ್ನು ಗುಪ್ತಚರ ಅಧಿಕಾರಿಯಾಗಿದ್ದ ವಿಂಟರ್‌ಬಾಥಮ್‌ನ ಪುಸ್ತಕ ರಟ್ಟು ಮಾಡಿತು. ಅಷ್ಟರಲ್ಲಿ ಬ್ರಿಟಿಷ್ ಸರ್ಕಾರಿ ಇತಿಹಾಸದಲ್ಲಿ ಈ ಸಮರವನ್ನು ಕುರಿತ ನಾಲ್ಕು ಸಂಪುಟಗಳು ಆ ಬಗ್ಗೆ ತುಟಿ ಬಿಚ್ಚದೆ ಅಚ್ಚಾಗಿದ್ದವು. 1942ರ ಆಗಸ್ಟ್ ಕೊನೆಯಲ್ಲಿ ರೊಮ್ಮೆಲ್ ದಕ್ಷಿಣದಿಂದ ಸುತ್ತುವರಿದು ಬರುತ್ತಾನೆಂದು ಮಾಂಟ್‌ಗೊಮೆರಿ ಊಹಿಸಿದ್ದು ಬರೀ ಬುದ್ಧಿಬಲದಿಂದ ಅಲ್ಲ ಎಂದಾಯಿತು. ಬ್ರಿಟಿಷರು ಶತ್ರುವಿನ ಯೋಜನೆಯನ್ನೇ ಓದಿದ್ದರು. ರೊಮ್ಮೆಲ್‌ನ ಪ್ರತಿಭೆಗೂ ಇದೇ ಗತಿ. ಕೈರೋದಲ್ಲಿದ್ದ ಅಮೆರಿಕದ ಸೇನಾ ಪ್ರತಿನಿಧಿ ಬಾನರ್ ಫೆಲರ್ಸ್ ವಾಷಿಂಗ್ಟನ್‌ಗೆ ಕಳಿಸುತ್ತಿದ್ದ ವಿವರವಾದ ವರದಿಗಳು 1942ರ ಜೂನ್ ಕೊನೆಯವರೆಗೂ ರೊಮ್ಮೆಲ್‌ನ ಕೈ ಸೇರುತ್ತಿದ್ದವು. ಇಟಲಿಯ ಗೂಢಚಾರರು ರೋಮ್‌ನ ಅಮೆರಿಕನ್ ರಾಯಭಾರ ಕಚೇರಿಯಿಂದ ಆ ವರದಿಗಳ ಸಂಕೇತಲಿಪಿಯನ್ನು ಕದ್ದಿದ್ದರು.

1977ರಲ್ಲಿ ಇತಿಹಾಸಕಾರ ಮಾರ್ಟಿನ್ ವಾನ್ ಕ್ರೆವೆಲ್ಡ್ ಇನ್ನೂ ನೀರಸವೆನಿಸುವ ಪ್ರಶ್ನೆ ಎತ್ತಿದರು: ಒಂದು ಲಾರಿ ಎಷ್ಟು ದೂರ ಹೋಗಬಲ್ಲದು? ಟ್ರಿಪೋಲಿಯಿಂದ ಬೆಂಗಾಜಿಗೆ ಸುಮಾರು 1,000 ಕಿ.ಮೀ.; ಅಲಮೈನ್ ಅದರ ಎರಡರಷ್ಟಕ್ಕೂ ಆಚೆ. ಟ್ರಿಪೋಲಿಯನ್ನು ಅವಕ್ಕೆ ಜೋಡಿಸುವ ರೈಲಿಲ್ಲ, ಕರಾವಳಿಗುಂಟ ಒಂದೇ ಡಾಂಬರು ರಸ್ತೆ. ಪೆಟ್ರೋಲ್ ಸಾಗಿಸುವ ಲಾರಿಗಳೇ ದಾರಿಯಲ್ಲಿ ಅದರ ದೊಡ್ಡ ಪಾಲನ್ನು ಕುಡಿದುಬಿಡುತ್ತಿದ್ದವು. ಗೆದ್ದಷ್ಟೂ ಬಡವಾಗುವ ಯುದ್ಧ ಅದು. ಓಕಾನರ್‌ನ ಪಡೆಗೂ ಅದೇ ಪಾಡು. ಹಡಗುಗಳ ಮುಳುಗಡೆಗಿಂತ ಬಂದರಿನ ಸಾಮರ್ಥ್ಯ ಮತ್ತು ರಸ್ತೆಯ ಉದ್ದವೇ ರೊಮ್ಮೆಲ್‌ನನ್ನು ಕಟ್ಟಿಹಾಕಿದವು ಎಂಬ ಕ್ರೆವೆಲ್ಡ್ ವಾದವನ್ನು ಎಲ್ಲರೂ ಒಪ್ಪಿಲ್ಲ. 1942ರ ಶರತ್ಕಾಲದಲ್ಲಿ ಮುಳುಗಿದ ತೈಲ ಹಡಗುಗಳನ್ನು ಅಷ್ಟು ಹಗುರವಾಗಿ ಬದಿಗಿಡುವುದು ನನಗೂ ಸರಿ ಕಾಣುವುದಿಲ್ಲ. ಆದರೆ ಚರ್ಚೆಯ ನೆಲವನ್ನೇ ಅವರು ಬದಲಿಸಿದರು. ಆಮೇಲೆ ಡಬ್ಬಿಯೂ ಚರಿತ್ರೆಯೊಳಗೆ ಬಂತು: ಬ್ರಿಟಿಷರ ತೆಳು ತಗಡಿನ ನಾಲ್ಕು ಗ್ಯಾಲನ್ ಡಬ್ಬಿ ಕುಲುಕಾಟಕ್ಕೇ ಸೋರುತ್ತಿತ್ತು; ಜರ್ಮನರ 20 ಲೀಟರಿನ ಗಟ್ಟಿ ಕ್ಯಾನ್ ಸೋರುತ್ತಿರಲಿಲ್ಲ. ಬ್ರಿಟಿಷರು ಅದನ್ನೇ ನಕಲು ಮಾಡಿದರು.

ಇಟಾಲಿಯನ್ನರಿಗೆ ನ್ಯಾಯ ಸಿಗಲು ಇನ್ನಷ್ಟು ಕಾಲ ಬೇಕಾಯಿತು. ಜರ್ಮನ್ ನೆನಪಿನ ಬರಹಗಳಲ್ಲಿ ಎಲ್ಲ ಸೋಲಿಗೂ ಅವರೇ ಹೊಣೆ. ಸಡ್ಕೊವಿಚ್ ಮುಂತಾದ ಇತಿಹಾಸಕಾರರು ಇಟಲಿಯ ದಾಖಲೆಗಳನ್ನು ತೆಗೆದು ನೋಡಿದಾಗ, ಸರಕು ಹೊತ್ತ ಹಡಗುಗಳೂ ಮುಂಚೂಣಿಯಲ್ಲಿ ನಿಂತ ಸೈನಿಕರೂ ಬಹುಪಾಲು ಅವರದೇ ಎಂಬುದು ಎದ್ದು ಕಂಡಿತು.

ಈ ಸಮರಕ್ಕೆ ಅಂಟಿಸಿದ್ದ ‘ದ್ವೇಷವಿಲ್ಲದ ಯುದ್ಧ’ ಎಂಬ ಹಣೆಪಟ್ಟಿಯಂತೂ ಈಗ ಉಳಿದಿಲ್ಲ. ಈಜಿಪ್ಟ್ ಕೈವಶವಾದರೆ ಅಲ್ಲಿನ ಯಹೂದಿಗಳನ್ನು ಕೊಲ್ಲಲೆಂದು ವಾಲ್ಟರ್ ರೌಫ್‌ನ ಎಸ್‌ಎಸ್ ತಂಡ 1942ರಲ್ಲಿ ಸಜ್ಜಾಗಿತ್ತೆಂದು ಜರ್ಮನಿಯ ಮಾಲ್‌ಮನ್ ಮತ್ತು ಕ್ಯುಪರ್ಸ್ 2006ರಲ್ಲಿ ತೋರಿಸಿದರು. ಲಿಬಿಯಾದ ಜಾದು ಶಿಬಿರದಲ್ಲಿ ಇಟಾಲಿಯನ್ನರು ಕೂಡಿಹಾಕಿದ ಯಹೂದಿಗಳಲ್ಲಿ ಐನೂರಕ್ಕೂ ಹೆಚ್ಚು ಮಂದಿ ಹಸಿವು, ಟೈಫಸ್ಸಿಗೆ ಸತ್ತರು.

ಇನ್ನು ಆ ನೆಲದವರು. ದಶಕಗಳ ಕಾಲ ಪುಸ್ತಕಗಳು ಮರುಭೂಮಿಯನ್ನು ಖಾಲಿ ಮೈದಾನವೆಂದೇ ಬಗೆದವು. 1940ರಲ್ಲಿ ಗಡಿ ದಾಟಿದ ಅದೇ ಗ್ರಾಟ್ಸಿಯಾನಿ, ಅದಕ್ಕೆ ಹತ್ತು ವರ್ಷ ಮುಂಚೆ ಪೂರ್ವ ಲಿಬಿಯಾದ ಬೆಡೂಯಿನ್ ಕುಟುಂಬಗಳನ್ನು ಮಂದೆಗಳ ಸಮೇತ ಎಬ್ಬಿಸಿ ತಂತಿಬೇಲಿಯೊಳಗೆ ಕೂಡಿಹಾಕಿದ್ದ. ಸತ್ತವರು ಹತ್ತಾರು ಸಾವಿರ. ಬದುಕುಳಿದವರ ಬಾಯಿಮಾತುಗಳನ್ನು ಆಧರಿಸಿ ಲಿಬಿಯಾ ಮೂಲದ ಅಲಿ ಅಬ್ದುಲ್ಲತೀಫ್ ಅಹ್ಮಿದಾ 2020ರಲ್ಲಿ ಅದನ್ನು ಪುಸ್ತಕವಾಗಿಸಿದರು. ಆ ಕಡೆಯಿಂದ ಎಣಿಸಿದರೆ ಈ ಮರುಭೂಮಿಯ ಯುದ್ಧ ಶುರುವಾದದ್ದು 1940ರಲ್ಲಿ ಅಲ್ಲ, ಇಟಲಿಯ ಪಡೆ ಟ್ರಿಪೋಲಿಯಲ್ಲಿ ಬಂದಿಳಿದ 1911ರಲ್ಲಿ.