ಮರುಭೂಮಿಯ ಹಸಿರು ಗೇಟುಗಳು

ಕ್ಯಾಲಿಫೋರ್ನಿಯಾದ ಕೊಚೆಲ್ಲಾ ಕಣಿವೆಯಲ್ಲಿ ಗಾಲ್ಫ್ ಬಡಾವಣೆ ಹುಡುಕುವವರು ಇಂದು ಮನೆಯ ಬೆಲೆ, ಸದಸ್ಯತ್ವ ಶುಲ್ಕ, ಬೆಟ್ಟದ ನೋಟಗಳನ್ನು ತೂಗಿ ನೋಡುತ್ತಾರೆ. ಆದರೆ ಈ ಬಡಾವಣೆಗಳು ಹುಟ್ಟಿದ ಕಾಲದಲ್ಲಿ ಕೊಳ್ಳುವವರು ಕ್ಲಬ್ಬನ್ನು ಆರಿಸುವ ಮೊದಲು ಕ್ಲಬ್ಬೇ ಅವರನ್ನು ಆರಿಸುತ್ತಿತ್ತು. ಕುದುರೆ ಸವಾರಿಯ ವಿಹಾರಧಾಮವಾಗಿದ್ದ ಥಂಡರ್‌ಬರ್ಡ್, 1951ರಲ್ಲಿ ಕಣಿವೆಯ ಮೊದಲ 18 ಕುಳಿಗಳ ಮೈದಾನವಾಯಿತು. ಹುಲ್ಲುಹಾಸಿನ ಅಂಚಿಗೇ ನಿವೇಶನಗಳು. ಆದರೆ ಯಹೂದಿಗಳಿಗೆ ಸದಸ್ಯತ್ವವಿರಲಿಲ್ಲ. ಮರುವರ್ಷವೇ ಹತ್ತಿರದಲ್ಲಿ, ಯಹೂದಿಗಳನ್ನೂ ಸೇರಿಸಿಕೊಳ್ಳುವ ಟ್ಯಾಮರಿಸ್ಕ್ ಕ್ಲಬ್ ತೆರೆಯಿತು. ಜ್ಯಾಕ್ ಬೆನ್ನಿ, ಗ್ರೌಚೊ ಮಾರ್ಕ್ಸ್‌ರಂಥ ಹೆಸರಾಂತ ಯಹೂದಿ ನಟರು ಅಲ್ಲಿ ಸೇರಿದರು.

ಖಾಸಗಿ ಕ್ಲಬ್ಬಿಗೆ ತನ್ನವರನ್ನು ಆರಿಸುವ ಹಕ್ಕಿಲ್ಲವೇ ಎಂದು ಕೇಳಬಹುದು. ಬರೀ ಆಟದ ಮಾತಾಗಿದ್ದರೆ ಒಪ್ಪಬಹುದಿತ್ತು. ಮನೆ, ನೆರೆಹೊರೆ, ಆಸ್ತಿಯ ಬೆಲೆಯೆಲ್ಲ ಮೈದಾನಕ್ಕೆ ಅಂಟಿಕೊಂಡ ಮೇಲೆ ಸದಸ್ಯತ್ವ ಕೊಡದಿರುವುದೆಂದರೆ ಊರಿನಲ್ಲೇ ಜಾಗ ಕೊಡದಂತೆ. ಮೇಲಾಗಿ ಆ ಹಸಿರನ್ನು ಬೆಳೆಸಿದ್ದು ಎಲ್ಲರಿಗೂ ಸೇರಿದ ನೀರು. ಮಳೆ ತೀರಾ ಅಪರೂಪವಾದ ಈ ನೆಲದಲ್ಲಿ ಇಲ್ಲಿನ ಮೂಲನಿವಾಸಿಗಳಾದ ಕಹುಇಯಾ ಜನ ಮರಳು ತೋಡಿ, ಇಳಿಜಾರು ದಾರಿಯಲ್ಲಿ ನಡೆದು ಹೋಗುವಂಥ ಬಾವಿಗಳನ್ನು ಮಾಡಿಕೊಂಡಿದ್ದರು. ಗಾಲ್ಫ್ ಮೈದಾನಗಳು ಅದೇ ಅಂತರ್ಜಲಕ್ಕೆ ಪಂಪು ಇಳಿಸಿದವು. ಈಗ ಹಲವು ಮೈದಾನಗಳು ಸಂಸ್ಕರಿಸಿದ ಕೊಳಚೆ ನೀರನ್ನೋ ಕೊಲೊರಾಡೋ ನದಿಯ ನೀರನ್ನೋ ಬಳಸುತ್ತಿರುವುದು ನಿಜ, ಮೆಚ್ಚತಕ್ಕದ್ದೇ. ಆದರೆ ಅಂತರ್ಜಲದ ಮೇಲೆ ತಮಗೆ ಹಕ್ಕಿದೆಯೆಂದು ಅಗ್ವಾ ಕಾಲಿಯೆಂಟೆ ಕಹುಇಯಾ ಸಮುದಾಯ 2013ರಲ್ಲಿ ಕೋರ್ಟಿಗೆ ಹೋಗಲೇಬೇಕಾಯಿತು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಹಕ್ಕನ್ನು ಎತ್ತಿಹಿಡಿಯಿತು.