ಕಾಳು ಇಳಿಯುವ ದಾರಿ: ಹಗೇವಿನಿಂದ ಗಿರಣಿಯ ಹಾಪರಿನವರೆಗೆ

ಧಾನ್ಯ ಕೂಡಿಡುವ ಜಾಗಗಳಲ್ಲಿ ಎರಡು ಬಗೆ. ಮೇಲಿನಿಂದ ಸುರಿದು ಮೇಲಿನಿಂದಲೇ ಎತ್ತಿಕೊಳ್ಳುವುದು ಒಂದು; ಮೇಲಿನಿಂದ ಸುರಿದು ಕೆಳಗಿನ ಬಾಯಿಂದ ಬಿಡಿಸಿಕೊಳ್ಳುವುದು ಇನ್ನೊಂದು. ನಂಜನಗೂಡು, ತಿರುಮಕೂಡಲು ನರಸೀಪುರದ ಸೀಮೆಯಲ್ಲಿ ಹಗೇವು, ಗುಡಾಣಗಳು ಮೊದಲನೆಯ ಬಗೆಗೆ ಸೇರಿದರೆ, ಕಣಜ ಮತ್ತು ಅಕ್ಕಿ ಗಿರಣಿಯ ಹಾಪರ್ ಎರಡನೆಯದಕ್ಕೆ ಸೇರುತ್ತವೆ. ತುಂಬುವ ಕೆಲಸ ಎಲ್ಲದರಲ್ಲೂ ಸಲೀಸು. ತಾಪತ್ರಯವೆಲ್ಲ ತೆಗೆಯುವಾಗ. ಕಾಳು ನೀರಿನ ಹಾಗೆ ಹರಿಯುವಂತೆ ಕಂಡರೂ ಅದು ನೀರಲ್ಲ. ಮನಸ್ಸಾದರೆ ಗೋಡೆಯ ಹಾಗೆ ನಿಂತುಬಿಡುತ್ತದೆ.

ಈ ಸೀಮೆಯಲ್ಲಿ ಯಾವುದನ್ನು ಎಲ್ಲಿ ತುಂಬಬೇಕು ಎಂಬುದನ್ನು ತೀರ್ಮಾನಿಸಿದ್ದು ನೆಲ. ಮಳೆಯನ್ನೇ ನಂಬಿದ ಕೆಮ್ಮಣ್ಣಿನ ಹೊಲಗಳಲ್ಲಿ ರಾಗಿ, ಜೋಳ, ಹುರುಳಿ, ಅವರೆ. ಕಪಿಲೆಯ ಹುಲ್ಲಹಳ್ಳಿ ನಾಲೆ, ಕಾವೇರಿಯ ಮಾಧವಮಂತ್ರಿ ಕಟ್ಟೆಯ ನಾಲೆಗಳು ಮುಟ್ಟುವ ಕಡೆ ಭತ್ತದ ಗದ್ದೆ. ರಾಗಿ ನೆಲದೊಳಕ್ಕೆ ಇಳಿಯಿತು, ಭತ್ತ ನೆಲದ ಮೇಲೆ ಉಳಿಯಿತು.

ಹಗೇವು ಎಂದರೆ ಗಟ್ಟಿ ನೆಲದಲ್ಲಿ ತೋಡಿದ ರಾಗಿ ಗುಂಡಿ. ಒಬ್ಬ ಮನುಷ್ಯ ಇಳಿಯುವಷ್ಟೇ ಕಿರಿದಾದ ಬಾಯಿ, ಕೆಳಗೆ ಹೋದಂತೆ ಅಗಲವಾಗುವ ಹೊಟ್ಟೆ. ಒಳಗೋಡೆಗೆ ಹುಲ್ಲು ಹೊದಿಸಿ, ರಾಗಿ ಸುರಿದು, ಮೇಲೆ ಮತ್ತೆ ಹುಲ್ಲು ಹಾಸಿ, ಕಲ್ಲು ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಯೋಚನೆ ಇಲ್ಲ. ರಾಗಿಗೆ ಹುಳು ಬೀಳುವುದು ಕಡಿಮೆ. ಗಾಳಿ ಆಡದ ಗುಂಡಿಯಲ್ಲಿ ಇನ್ನೂ ಕಡಿಮೆ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಈ ಭಾಗದಲ್ಲೆಲ್ಲ ತಿರುಗಾಡಿದ ಫ್ರಾನ್ಸಿಸ್ ಬುಕಾನನ್ ರಾಗಿಯನ್ನು ನೆಲದಲ್ಲಿ ಹೂತಿಡುವ ಮೈಸೂರಿನ ಪದ್ಧತಿಯನ್ನು ಬರೆದಿಟ್ಟಿದ್ದಾನೆ.

ಹಗೇವಿನಲ್ಲಿ ಕಾಳು ತಾನಾಗಿ ಹರಿಯುವ ಪ್ರಶ್ನೆಯೇ ಇಲ್ಲ. ಮನುಷ್ಯನೇ ಇಳಿದು ಮಂಕರಿಗೆ ತುಂಬಬೇಕು, ಮೇಲಿದ್ದವರು ಹಗ್ಗ ಹಾಕಿ ಎಳೆಯಬೇಕು. ಅಪಾಯವಿದ್ದದ್ದು ಅಲ್ಲೇ. ಉಸಿರಾಡುವ ಕಾಳು ಗುಂಡಿಯ ಆಮ್ಲಜನಕವನ್ನು ತಿಂದು ಇಂಗಾಲದ ಡೈಆಕ್ಸೈಡನ್ನು ತುಂಬಿಟ್ಟಿರುತ್ತದೆ. ಅದು ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಅದಕ್ಕಾಗಿ ಚಪ್ಪಡಿ ಸರಿಸಿದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಹೊತ್ತು ಕಳೆಯಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಆಳು ಇಳಿಯುತ್ತಿದ್ದ. ಗೋಡೆಗೆ ತಾಗಿದ ರಾಗಿ ಮುಗ್ಗಲು ಹಿಡಿದು ಹೆಪ್ಪುಗಟ್ಟಿರುತ್ತಿತ್ತು. ಅದನ್ನು ಕೆತ್ತಿ ಬೇರೆಯಾಗಿ ತೆಗೆಯುತ್ತಿದ್ದರು. ಗೋಡೆಗೆ ಅಂಟಿದ ಕಾಳು ಕೊನೆಗೆ ಉಳಿಯುತ್ತದೆ ಎಂಬ ಸಂಗತಿ ಮುಂದೆ ಗಿರಣಿಗಳಲ್ಲೂ ತಲೆನೋವಾಯಿತು.

1876ರಿಂದ 1878ರವರೆಗಿನ ಬರದಲ್ಲಿ ಈ ಕೂಡಿಡುವ ಪದ್ಧತಿಯ ಮಿತಿಯೂ ಗೊತ್ತಾಯಿತು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷಕ್ಕೆ ಇಳಿದಿತ್ತು. ಹಗೇವು ಒಂದೆರಡು ಕೆಟ್ಟ ವರ್ಷವನ್ನು ದಾಟಿಸಬಲ್ಲದು. ತುಂಬಲು ರಾಗಿಯೇ ಬೆಳೆಯದಿದ್ದರೆ ಗುಂಡಿ ಏನು ಮಾಡೀತು? ಹಗೇವುಗಳು ಆಮೇಲೂ ಬಹುಕಾಲ ಬಳಕೆಯಲ್ಲಿದ್ದವು. ಆದರೆ ನೀರು ಜಿನುಗುವ ನೆಲದಲ್ಲಿ ಅವು ನಿಲ್ಲವು. ನಾಲೆಯ ನೀರು ಬಂದ ಕಡೆ ಅವಕ್ಕೆ ಜಾಗವೂ ಇಲ್ಲ, ತುಂಬಲು ರಾಗಿಯೂ ಕಡಿಮೆ.

ಭತ್ತದ ಕಣಜದ ಕಥೆ ಬೇರೆ. ಮೇದರು ಬಿದಿರಿನ ಸೀಳುಗಳಿಂದ ಆಳೆತ್ತರಕ್ಕೆ ಹೆಣೆದ ದುಂಡನೆಯ ಬುಟ್ಟಿಗೆ ಒಳಗೂ ಹೊರಗೂ ಕೆಮ್ಮಣ್ಣು, ಸಗಣಿ ಬಳಿದು ಒಣಗಿಸಿದರೆ ಕಣಜ. ಇಲಿ, ತೇವ ತಾಗದಂತೆ ಕಲ್ಲುಗಳ ಮೇಲೆ ಕೂರಿಸುತ್ತಿದ್ದರು. ಬುಡದ ಹತ್ತಿರ ಮುಷ್ಟಿಗಾತ್ರದ ಒಂದು ತೂತು, ಅದಕ್ಕೆ ಹಳೇ ಬಟ್ಟೆಯ ಬಿರಡೆ. ಬಿರಡೆ ತೆಗೆದರೆ ಭತ್ತ ಸುರಿಯುತ್ತದೆ. ಹೊರಗೆ ಬಿದ್ದ ಗುಪ್ಪೆ ತೂತಿನ ಮಟ್ಟಕ್ಕೆ ಏರಿದ ಮೇಲೆ ತಾನಾಗಿ ನಿಲ್ಲುತ್ತದೆ. ಕೊಳಗದಲ್ಲಿ ಅಳೆದು ಗುಪ್ಪೆ ಕರಗಿಸಿದರೆ ಮತ್ತೆ ಇಳಿಯುತ್ತದೆ. ಮೊದಲ ಕೊಳಗವನ್ನು ಒಂದು ಎನ್ನದೆ ಲಾಭ ಎಂದೇ ಎಣಿಸುವ ರೂಢಿ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಬಾಗಿಲು, ತಿರುಗುಣಿ ಯಾವುದೂ ಇಲ್ಲದೆ ಕಾಳಿನ ಗುಣದಿಂದಲೇ ಹರಿವನ್ನು ಹಿಡಿತದಲ್ಲಿಟ್ಟ ಏರ್ಪಾಡು ಇದು. ಇದಕ್ಕಿಂತ ಅಗ್ಗದ ಕವಾಟ ಯಾವ ಕಾರ್ಖಾನೆಯಿಂದಲೂ ಬಂದಿಲ್ಲ.

ಕಣಜದ ತೂತು ತೆರೆದಾಗ ಮೇಲಿನ ಭತ್ತ ಇಡಿಯಾಗಿ ಕುಸಿಯುವುದಿಲ್ಲ. ತೂತಿನ ನೇರಕ್ಕೆ ಒಂದು ಕಂಬದಷ್ಟು ಭಾಗ ಮಾತ್ರ ಇಳಿದು, ಮೇಲ್ಮೈಯಲ್ಲಿ ಗುಳಿ ಬಿದ್ದು, ಸುತ್ತಲ ಭತ್ತ ಆ ಗುಳಿಗೆ ಜಾರುತ್ತದೆ. ಹೀಗಾಗಿ ಕಡೆಗೆ ಸುರಿದ ಭತ್ತವೇ ಮೊದಲು ಹೊರಬರುತ್ತದೆ. ಮೊದಲು ಸುರಿದದ್ದು ತಳದಲ್ಲಿ, ಅಂಚಿನಲ್ಲಿ ಹಾಗೇ ಕೂತಿರುತ್ತದೆ. ಹೊಸ ಫಸಲು ತುಂಬುವ ಮುಂಚೆ ಕಣಜ ಬರಿದು ಮಾಡಿ, ಒಳಗೆ ಇಳಿದು ಗುಡಿಸಿ, ಮತ್ತೆ ಸಗಣಿ ಸಾರಿಸುವುದಕ್ಕೆ ಇದೂ ಒಂದು ಕಾರಣ.

ಕಾಳಿನ ಈ ನಡವಳಿಕೆಯನ್ನು ದೊಡ್ಡ ಅಳತೆಯಲ್ಲಿ ನೋಡಲು ನರಸೀಪುರ ತಾಲ್ಲೂಕಿನ ತಲಕಾಡಿಗೆ ಹೋದರೆ ಸಾಕು. ಒಣ ಮರಳಿನ ದಿಬ್ಬ ಅಂದಾಜು 34 ಡಿಗ್ರಿಗಿಂತ ಕಡಿದಾಗಿ ನಿಲ್ಲದು. ಬುಡದಲ್ಲಿ ತೋಡಿದಷ್ಟೂ ಮೇಲಿನಿಂದ ಜಾರಿ ತುಂಬಿಕೊಳ್ಳುತ್ತದೆ. ಅಲ್ಲಿನ ಪಂಚಲಿಂಗ ದರ್ಶನದ ಉತ್ಸವಕ್ಕೆಂದು ಮರಳಿನಲ್ಲಿ ಹೂತ ದೇವಾಲಯಗಳ ಸುತ್ತ ಮರಳು ತೆಗೆಸಿದವರಿಗೆಲ್ಲ ಇದು ಗೊತ್ತಿರುವ ಪಾಡು. ಅದೇ ಮರಳು ಮಳೆಯಲ್ಲಿ ನೆನೆದರೆ ಕತ್ತರಿಸಿಟ್ಟಂತೆ ನೆಟ್ಟಗೆ ನಿಲ್ಲುತ್ತದೆ. ಕಾಳುಗಳ ನಡುವೆ ಸೇರಿದ ನೀರು ಅವನ್ನು ಒಂದಕ್ಕೊಂದು ಬಿಗಿಯುತ್ತದೆ. ಹಸಿ ಭತ್ತ ಹಾಪರಿನಲ್ಲಿ ಇಳಿಯದೆ ಕೂರುವುದಕ್ಕೂ ಇದೇ ಕಾರಣ.

1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ರೈಲು ಬಂತು. ಧಾನ್ಯ ಊರು ಬಿಟ್ಟು ಹೋಗುವ ಕಾಲ ಜೋರಾದಂತೆ ಗೋಣಿಚೀಲ ಅಳತೆಯೂ ಆಯಿತು, ಉಗ್ರಾಣವೂ ಆಯಿತು. ಚೀಲ ಎಂದರೆ ಹರಿವಿನ ಸಮಸ್ಯೆಯನ್ನೇ ತಪ್ಪಿಸಿಕೊಳ್ಳುವ ಉಪಾಯ. ಹಮಾಲಿಯ ಬೆನ್ನು ಅದರ ಬೆಲೆ ತೆತ್ತಿತು.

ಹಾಪರ್ ಬಂದದ್ದು ಭತ್ತದ ಹೊಟ್ಟು ಬಿಡಿಸುವ ಹಲ್ಲರ್ ಜೊತೆಯಲ್ಲಿ. ಬ್ರೆಜಿಲಿನ ಎಂಗಲ್‌ಬರ್ಗ್ 1880ರ ದಶಕದಲ್ಲಿ ರೂಪಿಸಿದ ಈ ಯಂತ್ರ ಇಪ್ಪತ್ತನೇ ಶತಮಾನದಲ್ಲಿ ದಕ್ಷಿಣ ಭಾರತದ ಊರೂರಿಗೂ ಹರಡಿ, ಒರಳು ಒನಕೆಯ ಕೊಟ್ಟಣವನ್ನು ಮನೆಯಿಂದ ಹೊರಹಾಕಿತು. ಯಂತ್ರದ ನೆತ್ತಿಯ ಮೇಲೆ ತಗಡಿನ ಚೌಕ ತೊಟ್ಟಿ, ಕೆಳಗೆ ಕಿರಿದಾಗುತ್ತ ಬಂದು ಒಂದು ಸೀಳು, ಸೀಳಿಗೆ ಸರಿಸುವ ತಗಡು. ಒಣ ಭತ್ತ ಇದರಲ್ಲಿ ಸರಾಗ. ಆದರೆ ಕಣದಿಂದ ಬಂದ ಭತ್ತದಲ್ಲಿ ಹುಲ್ಲಿನ ಚೂರು, ಮುರಿದ ತೆನೆ ಇದ್ದೇ ಇರುತ್ತವೆ. ಅವು ಸೀಳಿಗೆ ಅಡ್ಡ ಕೂತರೆ ಕಾಳುಗಳು ಒಂದಕ್ಕೊಂದು ಆತು ಕಮಾನು ಕಟ್ಟುತ್ತವೆ. ತೊಟ್ಟಿ ತುಂಬಿದ್ದರೂ ಕೆಳಗೆ ಒಂದು ಕಾಳೂ ಬೀಳದು. ಆಳು ಕೈಗೆ ಸಿಕ್ಕ ಕೋಲಿನಿಂದ ತಗಡಿಗೆ ಬಡಿಯುತ್ತಾನೆ, ದಬದಬನೆ ಇಳಿಯುತ್ತದೆ. ಬಡಿದು ಬಡಿದು ತಗಡಿನ ಮೈ ತಗ್ಗು ಬೀಳುತ್ತದೆ. ಆ ತಗ್ಗುಗಳಲ್ಲೇ ಕಾಳು ಮುಂದಿನ ಸಲ ತಡೆಯುತ್ತದೆ. ಹಳೇ ಗಿರಣಿಯ ಹಾಪರ್ ಎಲ್ಲಿ ಕಟ್ಟಿಕೊಳ್ಳುತ್ತಿತ್ತು ಎಂದು ಕೇಳಬೇಕಿಲ್ಲ, ತಗ್ಗುಗಳನ್ನು ನೋಡಿದರೆ ಸಾಕು.

ಇನ್ನಷ್ಟು ಭತ್ತ ಸುರಿದರೆ ಭಾರಕ್ಕೆ ಇಳಿದೀತು ಎಂಬುದು ಸಹಜವಾದ, ಆದರೆ ತಪ್ಪಾದ ಎಣಿಕೆ. 1895ರಲ್ಲೇ ಜರ್ಮನಿಯ ಎಂಜಿನಿಯರ್ ಜಾನ್ಸೆನ್ ಇದರ ಗುಟ್ಟು ತೋರಿಸಿದ್ದ: ಕಾಳಿನ ಭಾರದ ಬಹುಪಾಲನ್ನು ಘರ್ಷಣೆಯ ಮೂಲಕ ಗೋಡೆಗಳೇ ಹೊರುತ್ತವೆ, ಒಂದು ಎತ್ತರ ದಾಟಿದ ಮೇಲೆ ತಳದ ಒತ್ತಡ ಹೆಚ್ಚುವುದೇ ಇಲ್ಲ. 1961ರಲ್ಲಿ ಹಾಲೆಂಡಿನ ಬೆವರ್ಲೂ ಮತ್ತು ಸಂಗಡಿಗರು ಬಿತ್ತನೆ ಬೀಜಗಳನ್ನೇ ತೂತಿನಿಂದ ಇಳಿಸಿ ಅಳೆದರು. ಹರಿಯುವ ವೇಗ ಮೇಲಿನ ರಾಶಿಯ ಎತ್ತರವನ್ನು ಅವಲಂಬಿಸಿಲ್ಲ, ಬಾಯಿಯ ಅಗಲವನ್ನು ಅವಲಂಬಿಸಿದೆ. ಅಗಲ ಇಮ್ಮಡಿಯಾದರೆ ಹರಿವು ಐದು ಪಟ್ಟಿಗೂ ಹೆಚ್ಚುತ್ತದೆ. ಬಾಯಿ ಕಾಳಿನ ಗಾತ್ರದ ಐದಾರು ಪಟ್ಟಿಗಿಂತ ಕಿರಿದಾದರೆ ಕಟ್ಟಿಕೊಳ್ಳುವ ಸಂಭವ ಹೆಚ್ಚು. ಎಂಟೊಂಬತ್ತು ಮಿಲಿಮೀಟರ್ ಉದ್ದದ ಭತ್ತಕ್ಕೆ ಕನಿಷ್ಠ ಐದು ಸೆಂಟಿಮೀಟರ್ ಬಾಯಿ ಬೇಕು. ಕಣಜದ ಮುಷ್ಟಿಗಾತ್ರದ ತೂತು ಈ ಲೆಕ್ಕಕ್ಕೆ ಸರಿಹೋಗುತ್ತದೆ.

ಅದೇ ವರ್ಷ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಿಂದ ಆಂಡ್ರ್ಯೂ ಜೆನಿಕೆ ಬರೆದ ಬುಲೆಟಿನ್ ಹೊರಬಂತು, 1964ರಲ್ಲಿ ಇನ್ನೊಂದು. ಹಾಪರ್ ಕಟ್ಟುವ ಕೆಲಸವನ್ನು ಅಂದಾಜಿನಿಂದ ಲೆಕ್ಕಕ್ಕೆ ತಂದವರು ಅವರು. ಗೋಡೆ ಸಾಕಷ್ಟು ಕಡಿದಾಗಿಯೂ ನುಣುಪಾಗಿಯೂ ಇದ್ದರೆ ರಾಶಿ ಇಡಿಯಾಗಿ ಒಟ್ಟಿಗೆ ಇಳಿಯುತ್ತದೆ, ಮೊದಲು ಸುರಿದದ್ದು ಮೊದಲು ಬರುತ್ತದೆ. ಇಲ್ಲವಾದರೆ ಕಣಜದಂತೆ ನಡುವೆ ಕೊಳವೆ ಬಿದ್ದು ಅಂಚಿನದು ಸತ್ತ ಸರಕಾಗುತ್ತದೆ. ಯಾವ ಸರಕಿಗೆ ಎಷ್ಟು ಇಳಿಜಾರು, ಎಷ್ಟು ಬಾಯಿ ಎಂಬುದನ್ನು ಆ ಸರಕನ್ನೇ ಪರೀಕ್ಷಿಸಿ ಹೇಳುವ ವಿಧಾನವನ್ನೂ ಅವರು ಕೊಟ್ಟರು.

1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಭತ್ತವನ್ನು ಬಿಸಿನೀರಿನಲ್ಲಿ ನೆನೆಸಿ ಹಬೆಯಲ್ಲಿ ಬೇಯಿಸುವ ಕ್ರಮವನ್ನು ರೂಪಿಸಿತು. ದಿನಗಟ್ಟಲೆ ತಣ್ಣೀರಿನಲ್ಲಿ ನೆನೆಸಿ ನಾರುತ್ತಿದ್ದ ಕುಸುಬಲಕ್ಕಿಗೆ ಕೆಲವೇ ಗಂಟೆಗಳ ಕೆಲಸ ಸಾಕಾಯಿತು. ಈ ಕ್ರಮದ ಉಕ್ಕಿನ ತೊಟ್ಟಿಗಳ ತಳ ಶಂಕುವಿನಾಕಾರದ್ದು. ಬೆಂದ ಒದ್ದೆ ಭತ್ತ ಸಪಾಟು ತಳದಿಂದ ತಾನಾಗಿ ಬರದು.

1974ರಲ್ಲಿ ಕಬಿನಿ ಜಲಾಶಯ ಮುಗಿದು ಬಲದಂಡೆ ನಾಲೆಯ ನೀರು ಎರಡೂ ತಾಲ್ಲೂಕುಗಳಿಗೆ ಬಂದ ಮೇಲೆ ಭತ್ತ ಹೆಚ್ಚಿತು, ಗಿರಣಿಗಳೂ ದೊಡ್ಡವಾದವು. 1958ರ ಅಕ್ಕಿ ಗಿರಣಿ ಕಾಯಿದೆ, ಆಮೇಲೆ ಅದಕ್ಕಾದ ತಿದ್ದುಪಡಿ ಹಲ್ಲರ್ ಬಿಟ್ಟು ರಬ್ಬರ್ ರೋಲರಿನತ್ತ ಗಿರಣಿಗಳನ್ನು ತಳ್ಳಿದವು. ಈಗ ಭತ್ತವನ್ನು ನೆಲಮಟ್ಟದ ಗುಂಡಿಗೆ ಸುರಿಯುತ್ತಾರೆ; ಗುಂಡಿಯ ಮೇಲಿನ ಕಬ್ಬಿಣದ ಜಾಲರಿ ಗೋಣಿದಾರ, ಹುಲ್ಲನ್ನು ತಡೆಯುತ್ತದೆ. ಬಕೆಟ್ ಎಲಿವೇಟರ್ ಮೇಲೆತ್ತಿ ತೊಟ್ಟಿಯಿಂದ ತೊಟ್ಟಿಗೆ ಇಳಿಸುತ್ತದೆ. ಸರ್ಕಾರದ ಖರೀದಿಯಲ್ಲಿ ಭತ್ತದ ತೇವಾಂಶ ಶೇ 17 ಮೀರಬಾರದು. ಮೋಡ ಮುಸುಕಿದ ಕೊಯ್ಲಿನಲ್ಲಿ ಅದಕ್ಕಿಂತ ಹಸಿಯಾಗಿ ಬಂದದ್ದು ಈ ಗುಂಡಿಯಲ್ಲೇ ಹಟ ಹಿಡಿಯುತ್ತದೆ.

ಹೊಸ ಗಿರಣಿಯ ನಿಜವಾದ ಕಾಟ ತೌಡಿನದು. ಹಲ್ಲರಿನಲ್ಲಿ ಹೊಟ್ಟು, ತೌಡು ಬೆರೆತೇ ಬರುತ್ತಿದ್ದವು. ಈಗ ತೌಡು ಬೇರೆಯಾಗಿ ಬರುತ್ತದೆ, ಎಣ್ಣೆ ತೆಗೆಯುವವರು ಕೊಳ್ಳುತ್ತಾರೆ. ನುಣ್ಣನೆಯ, ಜಿಡ್ಡಿನ ಪುಡಿ. ತೊಟ್ಟಿಯಲ್ಲಿ ಒತ್ತಿಕೊಂಡು ಸುರಂಗದಂತೆ ಕೊರೆದು ನಿಲ್ಲುತ್ತದೆ. ಅಂಚಿನಲ್ಲಿ ಉಳಿದ ತೌಡು ಒಂದೆರಡು ದಿನದಲ್ಲೇ ಕಮಟು ಹಿಡಿದು ಬೆಲೆ ಕಳೆದುಕೊಳ್ಳುತ್ತದೆ. ಆದಕಾರಣ ತೌಡಿನ ತೊಟ್ಟಿಗೆ ಕಡಿದಾದ ಗೋಡೆ, ಅಗಲ ಬಾಯಿ, ಬಾಯಿಯ ಕೆಳಗೆ ತಿರುಗುವ ಸ್ಕ್ರೂ, ಮೈಗೆ ಕಂಪಿಸುವ ಮೋಟಾರು, ಕೆಲವೆಡೆ ಗಾಳಿ ಊದುವ ರಂಧ್ರಗಳು. ಕೆಳಬಾಗಿಲು ಮುಚ್ಚಿದ್ದಾಗ ಆ ಮೋಟಾರನ್ನು ಓಡಿಸಿದರೆ ತೌಡು ಇಳಿಯುವ ಬದಲು ಇನ್ನೂ ಗಟ್ಟಿಯಾಗಿ ಕೂರುತ್ತದೆ. ಬಾಗಿಲು ಮೊದಲು, ಮೋಟಾರು ಆಮೇಲೆ.

ಹೊಟ್ಟಿನ ವಿಷಯದಲ್ಲಿ ಗಿರಣಿಗಳು ತೂತು, ಇಳಿಜಾರುಗಳ ಹಟವನ್ನೇ ಬಿಟ್ಟವು. ಹಗುರವಾದ, ಒಂದಕ್ಕೊಂದು ತೊಡರಿಕೊಳ್ಳುವ ಹೊಟ್ಟು ತನ್ನ ಭಾರಕ್ಕೆ ಇಳಿಯುವ ಸರಕಲ್ಲ. ಅದನ್ನು ಫ್ಯಾನಿನಿಂದ ಕೊಳವೆಯಲ್ಲಿ ಊದಿ ಅಂಗಳದಾಚೆಯ ಹೊಟ್ಟಿನ ಕೋಣೆಗೆ ಕಳಿಸುತ್ತಾರೆ. ಅಲ್ಲಿಂದ ಬಾಯ್ಲರಿಗೆ, ಇಟ್ಟಿಗೆ ಗೂಡುಗಳಿಗೆ ಹೋಗುತ್ತದೆ.